ಯಾವ ಸೂತ್ರಕ್ಕೆ ಯಾವ ಗಾತ್ರ: ಔಷಧ ಹೊರುವ ಕಾಂತೀಯ ನ್ಯಾನೋಕಣಗಳ ಲೆಕ್ಕ

ಔಷಧ ಹೊತ್ತ ಮ್ಯಾಗ್ನೆಟೈಟ್ (ಕಬ್ಬಿಣದ ಕಾಂತೀಯ ಆಕ್ಸೈಡ್) ಕಣವನ್ನು ಮೈಹೊರಗಿನ ಅಯಸ್ಕಾಂತ ಲೋಮನಾಳದೊಳಗೆ (ಅತಿ ಸಣ್ಣ ರಕ್ತನಾಳ) ಹಿಡಿದು ನಿಲ್ಲಿಸಬಲ್ಲದೇ ಎಂದು ನೋಡಲು ದೊಡ್ಡ ಕಂಪ್ಯೂಟರ್ ಬೇಕಿಲ್ಲ. ಪೈಥಾನ್ ಭಾಷೆ, ಅದರ ಲೆಕ್ಕದ ಲೈಬ್ರರಿ ನಮ್‌ಪೈ ಸಾಕು. ಎಡವುವುದು ಕೋಡಿನಲ್ಲಲ್ಲ, ಯಾವ ಸೂತ್ರಕ್ಕೆ ಯಾವ ಗಾತ್ರ ಎಂಬಲ್ಲಿ.

ನಾನು ಲೆಕ್ಕಕ್ಕೆ ತೆಗೆದುಕೊಂಡದ್ದು 200 ನ್ಯಾನೋಮೀಟರ್ ಗೊಂಚಲು: ಘನಗಾತ್ರದ ಅರ್ಧ ಭಾಗ 10 ನ್ಯಾನೋಮೀಟರ್‌ನ ಮ್ಯಾಗ್ನೆಟೈಟ್ ತಿರುಳುಗಳು, ಉಳಿದರ್ಧ ಪಾಲಿಮರ್ ಮತ್ತು ಔಷಧ. ಕಾಂತಬಲಕ್ಕೆ ಮ್ಯಾಗ್ನೆಟೈಟ್‌ನ ಒಟ್ಟು ಘನಗಾತ್ರ ಹಾಕಬೇಕು. ಸ್ಟೋಕ್ಸ್ ಎಳೆತಕ್ಕೆ, ಅಂದರೆ ದ್ರವ ಒಡ್ಡುವ ತಡೆಗೆ, ಗೊಂಚಲಿನ ಹೊರವ್ಯಾಸ. ಯಾವ ಕ್ಷೇತ್ರದಲ್ಲಿ ಕಣ ಎಷ್ಟು ಕಾಂತೀಯಗೊಳ್ಳುತ್ತದೆ ಎಂದು ಹೇಳುವ ಲಾಂಜವನ್ ಫಲನಕ್ಕೆ ಒಂದು ತಿರುಳಿನ ಘನಗಾತ್ರ ಮಾತ್ರ. ಇಲ್ಲಿ ಗೊಂಚಲನ್ನೇ ಹಾಕಿದರೆ ದುರ್ಬಲ ಕ್ಷೇತ್ರದಲ್ಲೂ ಕಣ ಪೂರ್ತಿ ಕಾಂತೀಯಗೊಂಡಂತೆ ತೋರುತ್ತದೆ. ಗ್ರಾಫ್ ಚೆನ್ನಾಗಿಯೇ ಬರುತ್ತದೆ, ಸುಳ್ಳು ಅಷ್ಟೆ.

ಗಟ್ಟಿ ಮ್ಯಾಗ್ನೆಟೈಟ್‌ನ ಸಂತೃಪ್ತ (ಗರಿಷ್ಠ) ಕಾಂತತ್ವ ಗ್ರಾಂಗೆ ಸುಮಾರು 92 ಇಎಂಯು (ಕಾಂತತ್ವ ಅಳೆಯುವ ಏಕಮಾನ). ಸಣ್ಣ ತಿರುಳಿನ ಹೊರಪದರ ಅಷ್ಟು ಕೊಡದು, 70 ಇಟ್ಟುಕೊಂಡೆ. ಸಾಂದ್ರತೆಯಿಂದ (ಘನಮೀಟರಿಗೆ 5180 ಕಿಲೋಗ್ರಾಂ) ಗುಣಿಸಿದರೆ ಮೀಟರಿಗೆ 3.6 ಲಕ್ಷ ಆಂಪಿಯರ್.

ಅಯಸ್ಕಾಂತ 40 ಮಿಮೀ ವ್ಯಾಸ, 40 ಮಿಮೀ ಉದ್ದದ ನಿಯೋಡಿಮಿಯಂ ಸಿಲಿಂಡರ್, ಶೇಷ ಕಾಂತತ್ವ (ಅಯಸ್ಕಾಂತದಲ್ಲೇ ಉಳಿದಿರುವ ಕಾಂತತ್ವ) 1.3 ಟೆಸ್ಲಾ. ಅಕ್ಷದ ಮೇಲೆ 10 ಮಿಮೀ ದೂರದಲ್ಲಿ 0.31 ಟೆಸ್ಲಾ, ಮೀಟರಿಗೆ 22 ಟೆಸ್ಲಾ ಗ್ರೇಡಿಯೆಂಟ್ (ದೂರದೊಂದಿಗೆ ಕ್ಷೇತ್ರ ಇಳಿಯುವ ದರ); 50 ಮಿಮೀಗೆ 0.03 ಮತ್ತು 1.3. ಆಳದಲ್ಲಿ ಗ್ರೇಡಿಯೆಂಟ್ ಜೊತೆಗೆ ಕಾಂತತ್ವವೂ ಕುಸಿಯುವುದರಿಂದ ಗೊಂಚಲಿನ ವೇಗ ಸೆಕೆಂಡಿಗೆ 6.7 ಮೈಕ್ರೋಮೀಟರ್‌ನಿಂದ 0.18ಕ್ಕೆ ಇಳಿಯುತ್ತದೆ.

ನಾಳ 8 ಮೈಕ್ರೋಮೀಟರ್ ಅಗಲ, 1 ಮಿಮೀ ಉದ್ದ, ಸರಾಸರಿ ಹರಿವು ಸೆಕೆಂಡಿಗೆ 0.5 ಮಿಮೀ. ಕೆಂಪು ರಕ್ತಕಣಗಳು ಇಲ್ಲಿ ಒಂದರ ಹಿಂದೊಂದು ಸಾಗುವುದರಿಂದ ಇಡೀ ರಕ್ತದ ಸ್ನಿಗ್ಧತೆ 3.5 ಬಿಟ್ಟು ಪ್ಲಾಸ್ಮಾದ 1.2 ಮಿಲಿಪಾಸ್ಕಲ್-ಸೆಕೆಂಡ್ ಹಾಕಿದೆ. ನಾಳ ದಾಟುವ 2 ಸೆಕೆಂಡಿನಲ್ಲಿ, 10 ಮಿಮೀ ದೂರದಲ್ಲಾದರೆ, ಕಾಂತ 13 ಮೈಕ್ರೋಮೀಟರ್ ಎಳೆಯುತ್ತದೆ. 50 ಮಿಮೀ ಆಳದಲ್ಲಿ ಬರೀ 0.36. ದ್ರವದ ಅಣುಗಳು ತಳ್ಳಾಡುವುದರಿಂದಾಗುವ ಬ್ರೌನಿಯನ್ ಅಲೆದಾಟವೇ 2.7! ಒಂಟಿ 10 ನ್ಯಾನೋಮೀಟರ್ ಕಣವಾದರೆ ಚರ್ಮದ ಹತ್ತಿರವೂ ಆಸೆ ಬಿಡಬೇಕು.

ಚಲನೆಯ ಸಮೀಕರಣದಲ್ಲಿ ಜಡತ್ವದ ಪದ ಉಳಿಸಿಕೊಂಡರೆ ಕಾಲಹೆಜ್ಜೆ (ಲೆಕ್ಕ ಒಮ್ಮೆಗೆ ಮುಂದೆ ಸಾಗುವ ಸಮಯ) ಕೆಲವು ನ್ಯಾನೋಸೆಕೆಂಡಿಗೂ ಕೆಳಗಿಳಿಯಬೇಕು, ಇಲ್ಲವಾದರೆ ವೇಗ ಸಿಡಿದುಹೋಗುತ್ತದೆ. ಅದನ್ನು ಕೈಬಿಟ್ಟು 0.1 ಮಿಲಿಸೆಕೆಂಡ್ ಹೆಜ್ಜೆ ಸಾಕು. ಪ್ರತಿ ಹೆಜ್ಜೆಗೂ ಸುಮಾರು 20 ನ್ಯಾನೋಮೀಟರ್ ಯಾದೃಚ್ಛಿಕ ಜರುಗು ಸೇರಿಸಿ. ಕಣಗಳನ್ನು ನಾಳದ ಬಾಯಲ್ಲಿ ಸಮನಾಗಿ ಚೆಲ್ಲಬಾರದು. ಹರಿವು ನಡುವೆ ಹೆಚ್ಚಿರುವುದರಿಂದ ಅಲ್ಲಿ ಹೆಚ್ಚು ಕಣ ಬಿಡಬೇಕು.

ಮೊದಲ ಓಟ ಯಾವಾಗಲೂ ಅಯಸ್ಕಾಂತವಿಲ್ಲದೆ. ಅಲೆದಾಡಿಯೇ ಗೋಡೆ ಮುಟ್ಟುವ ಕಣಗಳು ಆಗಲೂ ಇರುತ್ತವೆ. ಅವನ್ನು ಕಳೆಯದೆ ಹೇಳಿದ ಹಿಡಿತದ ಶೇಕಡಾವಾರು ಲೆಕ್ಕಕ್ಕಿಲ್ಲ. 1000 ಕಣ ಬಿಟ್ಟರೂ, ಸುಮಾರು ಅರ್ಧದಷ್ಟು ಸಿಕ್ಕಿಬೀಳುವಾಗ, ಒಂದೊಂದು ಓಟದ ಹಿಡಿತದಲ್ಲಿ ಶೇ. 1.6ರ ಆಸುಪಾಸಿನ ಏರುಪೇರು ಸಹಜ.