ಹಳೆ ಮನೆ ಕೊಳ್ಳುವಾಗ ರಿಪೇರಿಯ ದುಡ್ಡನ್ನೂ ಜೊತೆಗೇ ಹೊಂದಿಸಿಕೊಳ್ಳಿ

ಮೈಸೂರು, ಶಿವಮೊಗ್ಗ, ಹುಬ್ಬಳ್ಳಿಯಂಥ ಊರುಗಳ ಹಳೆ ಬಡಾವಣೆಗಳಲ್ಲಿ ಮೂವತ್ತು, ನಲವತ್ತು ವರ್ಷದ ಮನೆಗಳು ಮಾರಾಟಕ್ಕೆ ಬರುತ್ತಲೇ ಇರುತ್ತವೆ. ಜಾಗ ಚೆನ್ನಾಗಿರುತ್ತದೆ, ಆದರೆ ತಾರಸಿ ಸೋರುತ್ತದೆ, ಬಾಗಿಲಿಗೆ ಗೆದ್ದಲು ಹಿಡಿದಿರುತ್ತದೆ. ಹೆಚ್ಚಿನವರು ಮನೆಯ ಬೆಲೆಗಷ್ಟೇ ಸಾಲ ಕೇಳುತ್ತಾರೆ. ರಿಪೇರಿಗೆ ಆಮೇಲೆ ಪರ್ಸನಲ್ ಲೋನ್ ತೆಗೆಯುತ್ತಾರೆ, ಇಲ್ಲವೇ ಒಡವೆ ಅಡವಿಡುತ್ತಾರೆ. ಕೈ ಸುಡುವುದು ಅಲ್ಲೇ.

ಮೊದಲ ಹೆಜ್ಜೆ: ಎಂಜಿನಿಯರ್

ಬೆಲೆ ಮಾತಾಡುವ ಮೊದಲೇ ಒಬ್ಬ ಸಿವಿಲ್ ಎಂಜಿನಿಯರ್‌ಗೆ ಮನೆ ತೋರಿಸಿ. ಬಣ್ಣ, ಟೈಲ್ಸ್ ಕಾಯಬಹುದು. ತಾರಸಿ, ಗೋಡೆಯ ಬಿರುಕು, ವೈರಿಂಗ್, ಪೈಪ್‌ಲೈನ್ ಕಾಯುವುದಿಲ್ಲ. ಯಾವ ಕೆಲಸಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದ ಎಸ್ಟಿಮೇಟ್ ಪಡೆಯಿರಿ. ಚೌಕಾಸಿಗೂ ಅದು ಬೇಕು, ಬ್ಯಾಂಕಿಗೂ ಬೇಕು.

ಎರಡು: ಅಡ್ವಾನ್ಸ್‌ಗೆ ಮುಂಚೆ ಕಾಗದಪತ್ರ

ಮೂಲಪತ್ರಗಳು, ಇ.ಸಿ. (ಆಸ್ತಿಯ ಮೇಲೆ ಸಾಲ, ಋಣ ಇದೆಯೇ ಎಂದು ತೋರಿಸುವ ಪತ್ರ), ಇ-ಖಾತಾ, ಕಂದಾಯದ ರಸೀದಿ, ಮಂಜೂರಾದ ನಕ್ಷೆ, ಎಲ್ಲವನ್ನೂ ವಕೀಲರಿಗೆ ತೋರಿಸಿ. ಹಳೆ ಮನೆಗಳಲ್ಲಿ ನಕ್ಷೆ ಕಳೆದುಹೋಗಿರುವುದು, ಆಮೇಲೆ ಸೇರಿಸಿದ ಕೋಣೆ ನಕ್ಷೆಯಲ್ಲೇ ಇಲ್ಲದಿರುವುದು ತೀರಾ ಸಾಮಾನ್ಯ. ಸಾಲ ನಿಲ್ಲುವುದು ಬಹಳ ಸಲ ಇಲ್ಲೇ. ಹಾಗಾಗಿ ಕರಾರು ಪತ್ರದಲ್ಲಿ ಒಂದು ಮಾತು ಬರೆಸಿ: ಕಾಗದಪತ್ರದ ಕಾರಣಕ್ಕೆ ಬ್ಯಾಂಕ್ ಸಾಲ ಕೊಡದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಮನೆ ಬಿಡುವುದೇ ಒಳ್ಳೆಯದು.

ಮೂರು: ಕೈಯಿಂದ ಎಷ್ಟು?

ರಿಸರ್ವ್ ಬ್ಯಾಂಕ್ ನಿಯಮದಂತೆ 30 ಲಕ್ಷದವರೆಗಿನ ಸಾಲವಾದರೆ ಮನೆಯ ಮೌಲ್ಯದ ಶೇ 90, 75 ಲಕ್ಷದವರೆಗೆ ಶೇ 80, ಅದಕ್ಕೂ ಮೇಲೆ ಶೇ 75 ಮಾತ್ರ ಸಿಗಬಹುದು. 60 ಲಕ್ಷದ ಮನೆಗೆ ಹೆಚ್ಚೆಂದರೆ 48 ಲಕ್ಷ. ಉಳಿದ 12 ಲಕ್ಷ ನಿಮ್ಮದು. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿದೆ. ಸೆಸ್, ಸರ್ಚಾರ್ಜ್ ಸೇರಿಸಿದರೆ ಇನ್ನೂ ನಾಲ್ಕೂವರೆ ಲಕ್ಷ ಬೇಕು. ಬ್ಯಾಂಕಿನ ಮೌಲ್ಯಮಾಪಕರು ಹಳೆ ಕಟ್ಟಡ ಎಂದು 55 ಲಕ್ಷಕ್ಕೇ ಬೆಲೆ ಕಟ್ಟಿದರೆ ಸಾಲ 44 ಲಕ್ಷಕ್ಕೆ ಇಳಿಯುತ್ತದೆ. ಕಟ್ಟಡದ ವಯಸ್ಸು ನೋಡಿ ಸಾಲದ ಅವಧಿಯನ್ನೂ ಕಡಿಮೆ ಮಾಡಬಹುದು, ಆಗ ಕಂತು ಏರುತ್ತದೆ. 50 ಲಕ್ಷ ಅಥವಾ ಅದಕ್ಕೂ ಜಾಸ್ತಿ ಬೆಲೆಯ ಮನೆಯಾದರೆ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟುವುದು ನಿಮ್ಮ ಹೊಣೆ.

ನಾಲ್ಕು: ರಿಪೇರಿ ಸಾಲ

ಖರೀದಿ ಸಾಲದ ಅರ್ಜಿ ಕೊಡುವಾಗಲೇ ಎಸ್ಟಿಮೇಟ್ ತೋರಿಸಿ, ರಿಪೇರಿಗೂ ಗೃಹಸಾಲ ಸಿಗುತ್ತದೆಯೇ ಎಂದು ಕೇಳಿ. ಒಂದು ಬ್ಯಾಂಕ್ ಇಲ್ಲವೆಂದರೆ ಇನ್ನೊಂದರಲ್ಲಿ ವಿಚಾರಿಸಿ. ಈ ಓಡಾಟ ಯಾಕೆ ಬೇಕು ಎಂದು ಲೆಕ್ಕವೇ ಹೇಳುತ್ತದೆ. 8 ಲಕ್ಷಕ್ಕೆ ಶೇ 8.5ರ ಬಡ್ಡಿಯಲ್ಲಿ 20 ವರ್ಷದ ಗೃಹಸಾಲವಾದರೆ ಕಂತು ಸುಮಾರು 6,950 ರೂಪಾಯಿ. ಅದೇ ಹಣ ಶೇ 14ರ ಪರ್ಸನಲ್ ಲೋನ್‌ನಲ್ಲಿ ಐದು ವರ್ಷಕ್ಕೆ ಬಂದರೆ ತಿಂಗಳಿಗೆ 18,600 ರೂಪಾಯಿ. ಮನೆಯ ದೊಡ್ಡ ಕಂತಿನ ಜೊತೆಗೆ ಇದನ್ನೂ ಕಟ್ಟುವುದು ಎಷ್ಟು ಸಂಸಾರಗಳಿಗೆ ಸಾಧ್ಯ, ಅಲ್ವಾ? ಇಪ್ಪತ್ತು ವರ್ಷದಲ್ಲಿ ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ, ನಿಜ. ಆದರೆ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡವಿಲ್ಲ. ಕೈಯಲ್ಲಿ ದುಡ್ಡು ಬಂದಾಗೆಲ್ಲ ಅಸಲಿಗೆ ಕಟ್ಟುತ್ತಾ ಹೋಗಿ.

ಐದು: ಹಣ ಬರುವ ಕ್ರಮ

ರಿಪೇರಿ ಹಣ ಸಾಮಾನ್ಯವಾಗಿ ಒಂದೇ ಸಲಕ್ಕೆ ಬರುವುದಿಲ್ಲ. ಒಂದು ಹಂತ ಮುಗಿದ ಮೇಲೆ ಮುಂದಿನ ಕಂತು. ಮೇಸ್ತ್ರಿಗೆ ವಾರವಾರ ಬಟವಾಡೆ ಮಾಡಲು ಸ್ವಲ್ಪ ಹಣ ಕೈಯಲ್ಲಿರಲಿ. ಗೋಡೆ ಒಡೆದ ಮೇಲೆ ಹೊಸ ತೊಂದರೆ ಕಾಣುವುದು ಸಾಮಾನ್ಯ, ಎಸ್ಟಿಮೇಟ್ ಮೇಲೆ ಶೇ 15ರಿಂದ 20ರಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ. ಬಿಲ್‌ಗಳನ್ನು ಎಸೆಯಬೇಡಿ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ಸ್ವಂತ ವಾಸದ ಮನೆಯ ರಿಪೇರಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂಪಾಯಿವರೆಗೆ ವಿನಾಯಿತಿ ಇದೆ. ಇದು ಗೃಹಸಾಲ ಬಡ್ಡಿಯ 2 ಲಕ್ಷದ ಮಿತಿಯೊಳಗೇ ಬರುತ್ತದೆ.