ಮೊಗ್ಗು ನೋಡಿ ಕತ್ತರಿ ಇಡೋದು: ನನ್ನ ಲಾರ್ಚ್ ಬೋನ್ಸಾಯ್‌ಗಳು

ಮೊದಲ ಚಳಿಗಾಲದಲ್ಲಿ ಊರಿಗೆ ವಿಡಿಯೋ ಕಾಲ್ ಮಾಡಿ ಅಪ್ಪನಿಗೆ ನನ್ನ ಲಾರ್ಚ್ ಗಿಡ ತೋರಿಸಿದ್ದೆ. "ಒಣಗಿ ಹೋಗಿರೋ ಗಿಡಾನ ಯಾಕೋ ಇಟ್ಕೊಂಡಿದ್ದೀಯ, ಮಾರಾಯ?" ಅಂದರು. ಅವರಿಗೆ ಹಾಗೆ ಅನ್ನಿಸಿದ್ದು ಸಹಜವೇ. ಲಾರ್ಚ್ ಪೈನ್ ಮರದ ಬಳಗಕ್ಕೆ ಸೇರಿದ್ದು, ಎಲೆಯೂ ಸೂಜಿಯ ಹಾಗೆ. ಆದರೆ ಅದರ ನೆಂಟರಲ್ಲಿ ಹೆಚ್ಚಿನವು ವರ್ಷವಿಡೀ ಹಸಿರಾಗಿದ್ದರೆ, ಇದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಬಂಗಾರದ ಬಣ್ಣಕ್ಕೆ ತಿರುಗಿ ಎಲೆಯನ್ನೆಲ್ಲ ಉದುರಿಸಿಬಿಡುತ್ತದೆ. ನಾಲ್ಕೈದು ತಿಂಗಳು ಬರೀ ಕಡ್ಡಿ. ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಮತ್ತೆ ಚಿಗುರು.

ನಾನಿರುವುದು ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿ. ಲಾರ್ಚ್ ಇಲ್ಲಿನ ಮೂಲದ ಮರವಲ್ಲ, ಆಲ್ಪ್ಸ್ ಪರ್ವತದ ಕಡೆಯಿಂದ ಬಂದದ್ದು. ಡಂಕೆಲ್ಡ್ ಊರಿನ ಹಳೇ ಕೆಥೆಡ್ರಲ್ ಪಕ್ಕದಲ್ಲಿ 1738ರಲ್ಲಿ ನೆಟ್ಟ ಒಂದು ಮರ ಇನ್ನೂ ನಿಂತಿದೆ. ಪೇರೆಂಟ್ ಲಾರ್ಚ್ ಅಂತಲೇ ಅದರ ಹೆಸರು. ಅದರ ಮತ್ತು ಅದರ ಜೊತೆಯ ಮರಗಳ ಬೀಜದಿಂದ ಅಥೋಲ್‌ನ ಡ್ಯೂಕ್‌ಗಳು ಸುತ್ತಲಿನ ಗುಡ್ಡಗಳಲ್ಲಿ ಲಕ್ಷಗಟ್ಟಲೆ ಗಿಡ ಬೆಳೆಸಿದರು. ಆ ಮರದ ಬುಡದಲ್ಲಿ ನಿಂತು ಮೇಲೆ ನೋಡಿದ ದಿನವೇ ನನಗೆ ಲಾರ್ಚ್ ಹುಚ್ಚು ಹಿಡಿದದ್ದು. ಕೊಂಬೆಗಳು ಮೊದಲು ಕೆಳಗೆ ಬಾಗಿ, ತುದಿಯಲ್ಲಿ ಮತ್ತೆ ಮೇಲಕ್ಕೆ ತಿರುಗಿರುತ್ತವೆ. ಬೋನ್ಸಾಯ್‌ನಲ್ಲಿ ನಾನು ಹಿಡಿಯಬೇಕು ಅಂತಿರುವುದು ಆ ಬಾಗನ್ನೇ.

ಕಾಡು ಬೆಳೆಸುವವರಿಗೆ ಸಸಿ ಮಾರುವ ನರ್ಸರಿಯಲ್ಲಿ ಐದು ಸಸಿ ಕೊಂಡಿದ್ದೆ. ಕುಂಡ ಇಲ್ಲ, ಮಣ್ಣಿಲ್ಲ, ಬರೀ ಬೇರಿನ ಸಸಿಗಳು. ಮೂರು ಯುರೋಪಿನ ಜಾತಿಯವು, ಎರಡು ಜಪಾನಿನವು. ಎಲೆ ಇಲ್ಲದಾಗಲೂ ಇವನ್ನು ಗುರುತಿಸುವುದು ಸುಲಭ: ಯುರೋಪಿನದರ ಎಳೆ ಕಡ್ಡಿ ಹುಲ್ಲಿನ ಹಳದಿ, ಜಪಾನಿನದರದ್ದು ಕೆಂಪು. ಕೂಡಲೇ ಕುಂಡಕ್ಕೆ ಹಾಕದೆ ನಾಲ್ಕು ವರ್ಷ ನೆಲದಲ್ಲೇ ಬಿಟ್ಟೆ. ಕಾಂಡ ದಪ್ಪಗಾಗಬೇಕಾದರೆ ಗಿಡ ಸ್ವತಂತ್ರವಾಗಿ ಓಡಬೇಕು. ಕುಂಡದಲ್ಲಿ ಹತ್ತು ವರ್ಷ ಕಾದರೂ ಆ ದಪ್ಪ ಬರುವುದಿಲ್ಲ.

ಇನ್ನು ಕತ್ತರಿಯ ವಿಷಯ. ನಾನು ಮೂಡಿಗೆರೆ ಕಡೆ ಕಾಫಿ ತೋಟದಲ್ಲಿ ಬೆಳೆದವನು. ಬೇರೆ ಕಡೆ ಕಸಿ ಅಂದರೆ ಎರಡು ಗಿಡ ಕೂಡಿಸುವುದು. ನಮ್ಮ ತೋಟಗಳಲ್ಲಿ ಕಸಿ ಅಂದರೆ ಕತ್ತರಿಸುವುದು. ನೆರಳಿನ ಮರಕ್ಕೆ ಮರಗಸಿ, ಕುಯ್ಲು ಮುಗಿದ ಮೇಲೆ ಕಾಫಿಗೆ ಗಿಡ ಕಸಿ. ಹಾಗಾಗಿ ಕತ್ತರಿಗೆ ನಾನು ಹೊಸಬನಲ್ಲ ಅನ್ನುವ ಧೈರ್ಯ ಇತ್ತು. ಕಾಫಿ ಗಿಡವನ್ನು ಎಷ್ಟು ಕೆಳಗೆ ಕತ್ತರಿಸಿದರೂ ಬುಡದಿಂದ ಚಿಗುರು ನುಗ್ಗಿ ಬರುತ್ತದೆ ಅಲ್ವಾ? ಅದೇ ಲೆಕ್ಕದಲ್ಲಿ ಎರಡನೇ ಚಳಿಗಾಲದಲ್ಲಿ ಒಂದು ಲಾರ್ಚ್‌ನ ಉದ್ದದ ಕೊಂಬೆಯನ್ನು ಬೋಳು ಕಟ್ಟಿಗೆ ಇರುವ ಜಾಗದವರೆಗೆ ಕತ್ತರಿಸಿದೆ. ಏಪ್ರಿಲ್‌ನಲ್ಲಿ ಗಿಡವೆಲ್ಲ ಚಿಗುರಿತು, ಆ ಕೊಂಬೆ ಮಾತ್ರ ಚಿಗುರಲಿಲ್ಲ. ಜೂನ್‌ನಲ್ಲಿ ಉಗುರಿನಿಂದ ಕೆರೆದು ನೋಡಿದರೆ ಒಳಗೆ ಕಂದು. ಗಿಡದ ಎಡಗೈಯನ್ನೇ ತೆಗೆದ ಹಾಗಾಗಿತ್ತು.

ಲಾರ್ಚ್ ಹಳೇ ಕಟ್ಟಿಗೆಯಿಂದ ಚಿಗುರುವುದೇ ಇಲ್ಲ ಅಂತಲ್ಲ. ಪೈನ್‌ಗಿಂತ ಎಷ್ಟೋ ಪಾಲು ಚೆನ್ನಾಗಿ ಚಿಗುರುತ್ತದೆ. ಆದರೆ ಕೊಂಬೆಯಲ್ಲಿ ಒಂದಾದರೂ ಜೀವ ಇರುವ ಮೊಗ್ಗು ಉಳಿದಿರಬೇಕು. ರಸ ಎಳೆಯುವವರು ಒಬ್ಬರು ಬೇಕು. ಅವತ್ತಿನಿಂದ ಮೊಗ್ಗು ಎಲ್ಲಿದೆ ಅಂತ ನೋಡದೆ ಕತ್ತರಿ ಇಟ್ಟಿಲ್ಲ.

ಮೊಗ್ಗು ನೋಡುವುದು ಅಂದರೆ ಏನು ಅಂತ ಹೇಳುತ್ತೇನೆ. ಫೆಬ್ರವರಿಯಲ್ಲಿ ಒಂದು ಕಡ್ಡಿಯನ್ನು ಬೆರಳಲ್ಲಿ ಹಿಡಿದು ತಿರುಗಿಸಿ. ಉದ್ದಕ್ಕೂ ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡದಾದ ಕಂದು ಗುಂಡುಗಳು ಕಾಣುತ್ತವೆ. ಹಳೇ ಕಡ್ಡಿಯಲ್ಲಿ ಅವು ಉಂಗುರ ಉಂಗುರವಾದ ಗಿಡ್ಡ ಗುಬಟಿನ ಮೇಲೆ ಕೂತಿರುತ್ತವೆ. ಆ ಗುಬಟಿನಿಂದಲೇ ವಸಂತದಲ್ಲಿ ಮೂವತ್ತು ನಲವತ್ತು ಸೂಜಿಗಳ ಗೊಂಚಲು ಹೊರಡುವುದು. ಕಡ್ಡಿಯ ಮೇಲ್ಗಡೆಯ ಮೊಗ್ಗು ನೆಟ್ಟಗೆ ಮೇಲೆ ಹೋಗುತ್ತದೆ, ಕೆಳಗಿನದು ಕೆಳಗೆ. ನನಗೆ ಬೇಕಾದ್ದು ಪಕ್ಕದ ಮೊಗ್ಗುಗಳು. ಹಾಗಾಗಿ ಎಡಕ್ಕೊಂದು ಬಲಕ್ಕೊಂದು ಇರುವ ಮೊಗ್ಗನ್ನು ಉಳಿಸಿ, ಅದರಾಚೆ ಎರಡು ಮಿಲಿಮೀಟರ್ ಬಿಟ್ಟು ಕತ್ತರಿಸುತ್ತೇನೆ. ಕೊನೆಯ ಮೊಗ್ಗು ಯಾವ ಕಡೆ ಮುಖ ಮಾಡಿದೆಯೋ ಕೊಂಬೆ ಆ ಕಡೆ ಬೆಳೆಯುತ್ತದೆ. ಒಂದೇ ಜಾಗದಿಂದ ಮೂರು ಕಡ್ಡಿ ಹೊರಟಿದ್ದರೆ ಎರಡು ಉಳಿಸಬೇಕು. ಇಲ್ಲದಿದ್ದರೆ ಅಲ್ಲಿ ಗಂಟು ಊದಿಕೊಳ್ಳುತ್ತದೆ, ಆಮೇಲೆ ಅದನ್ನು ಸರಿ ಮಾಡಲು ಆಗುವುದಿಲ್ಲ. ಕತ್ತರಿಸುವಾಗ ಕೈಗೆ ಅಂಟು ಹತ್ತುತ್ತದೆ. ಸಾಂಬ್ರಾಣಿಯ ಹತ್ತಿರ ಹತ್ತಿರದ ವಾಸನೆ. ಒಂದು ಗಿಡಕ್ಕೆ ನನಗೆ ಪೂರ್ತಿ ಒಂದು ಮಧ್ಯಾಹ್ನ ಬೇಕು.

ಬೇಸಿಗೆಯ ಕತ್ತರಿ ಬೇರೆ. ಮೇ ತಿಂಗಳಲ್ಲಿ ಹೊಸ ಚಿಗುರು ಓಡಲು ಶುರು ಮಾಡುತ್ತದೆ, ತುದಿಯಲ್ಲಂತೂ ಜಾಸ್ತಿ. ಕಂಡ ಕೂಡಲೇ ಚಿವುಟಬೇಕು ಅನ್ನಿಸುತ್ತದೆ. ನಾನೂ ಮೊದಲು ಹಾಗೇ ಮಾಡುತ್ತಿದ್ದೆ, ಗಿಡ ವರ್ಷದಿಂದ ವರ್ಷಕ್ಕೆ ಸೊರಗಿತು. ಈಗ ಚಿಗುರನ್ನು ಎಂಟು ಹತ್ತು ಸೆಂಟಿಮೀಟರ್ ಬೆಳೆಯಲು ಬಿಡುತ್ತೇನೆ. ಜೂನ್ ಕೊನೆಗೆ ಅದರ ಬುಡ ಹಸಿರಿನಿಂದ ಹಳದಿಗೆ ತಿರುಗಿ ಗಟ್ಟಿಯಾಗುತ್ತದೆ. ಆಗ ಎರಡು ಮೂರು ಸೆಂಟಿಮೀಟರ್ ಉಳಿಸಿ ಕತ್ತರಿಸುತ್ತೇನೆ. ಅಷ್ಟರಲ್ಲಿ ಆ ಎಲೆಗಳು ಗಿಡಕ್ಕೆ ಊಟ ಕೊಟ್ಟಿರುತ್ತವೆ. ಗಿಡದ ತುದಿಯ ಭಾಗವನ್ನು ಗಿಡ್ಡಗೆ ಕತ್ತರಿಸುತ್ತೇನೆ, ಕೆಳಗಿನ ಬಡಕಲು ಕೊಂಬೆಗಳನ್ನು ಮುಟ್ಟುವುದೇ ಇಲ್ಲ. ಯಾವ ಕೊಂಬೆ ದಪ್ಪ ಆಗಬೇಕೋ ಅದನ್ನೂ ಬೇಸಿಗೆಯಿಡೀ ಓಡಲು ಬಿಡುತ್ತೇನೆ, ಚಳಿಗಾಲದಲ್ಲಷ್ಟೇ ಅದಕ್ಕೆ ಕತ್ತರಿ.

ಕೊಂಬೆಗೆ ಬೇಕಾದ ಬಾಗು ಕೊಡಲು ತಂತಿ ಸುತ್ತಿ ಕಟ್ಟುವುದು ಎಲೆ ಉದುರಿದ ಮೇಲೆ, ಮೊಗ್ಗು ಊದುವ ಮೊದಲು. ಮೊಗ್ಗು ಊದಿದ ಮೇಲೆ ಕಟ್ಟಿದರೆ ಕೈ ತಾಗಿದ್ದಕ್ಕೇ ಅವು ಉದುರುತ್ತವೆ. ಎಳೆ ಕೊಂಬೆ ಚೆನ್ನಾಗಿ ಬಾಗುತ್ತದೆ. ಆದರೆ ಕಾಂಡಕ್ಕೆ ಅಂಟಿದ ಜಾಗದಲ್ಲಿ ಸೀಳುವ ಭಯ ಇರುತ್ತದೆ, ಅಲ್ಲಿ ಹೆಬ್ಬೆರಳು ಒತ್ತಿ ಹಿಡಿದು ನಿಧಾನವಾಗಿ ಬಗ್ಗಿಸಬೇಕು. ಒಂದು ವರ್ಷ ಆಗಸ್ಟ್‌ನಲ್ಲಿ ಊರಿಗೆ ಹೋಗಿ ಐದು ವಾರ ಬಿಟ್ಟು ಬಂದೆ. ಹೋಗುವಾಗ ಸಡಿಲವಾಗಿದ್ದ ತಂತಿ ಬರುವಷ್ಟರಲ್ಲಿ ತೊಗಟೆಯೊಳಗೆ ಮುಳುಗಿತ್ತು. ಬೇಸಿಗೆಯ ಕೊನೆಯಲ್ಲಿ ಲಾರ್ಚ್ ಕೊಂಬೆ ಅಷ್ಟು ಬೇಗ ದಪ್ಪಗಾಗುತ್ತದೆ. ಆ ಸುರುಳಿ ಗುರುತು ಇವತ್ತಿಗೂ ಇದೆ. ಈಗ ಜುಲೈನಿಂದ ವಾರಕ್ಕೊಮ್ಮೆ ತಂತಿ ನೋಡುತ್ತೇನೆ, ಬಿಗಿ ಕಂಡರೆ ಸುತ್ತು ಬಿಚ್ಚುವುದಿಲ್ಲ, ತುಂಡು ತುಂಡಾಗಿ ಕತ್ತರಿಸಿ ತೆಗೆಯುತ್ತೇನೆ. ಕೊಂಬೆ ಹಳೇ ಜಾಗಕ್ಕೆ ವಾಪಸ್ ಹೋದರೆ ಚಳಿಗಾಲದಲ್ಲಿ ಮತ್ತೆ ಕಟ್ಟಿದರಾಯಿತು.

ಕುಂಡ ಬದಲಾಯಿಸಲು ವರ್ಷದಲ್ಲಿ ಎರಡು ವಾರ ಅಷ್ಟೇ ಸಿಗುತ್ತದೆ. ಮೊಗ್ಗು ಊದಿ, ತುದಿಯಲ್ಲಿ ಹಸಿರಿನ ಚುಕ್ಕಿ ಕಾಣುವ ಹೊತ್ತು. ಎಳೇ ಗಿಡಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಮಾಡುತ್ತೇನೆ. ಅಕಡಾಮ ಅನ್ನುವ ಜಪಾನಿನ ಹರಳು ಮಣ್ಣು, ಪ್ಯೂಮಿಸ್ ಕಲ್ಲು, ಲಾವಾ ಕಲ್ಲಿನ ಪುಡಿ, ಮೂರನ್ನೂ ಸಮ ಬೆರೆಸುತ್ತೇನೆ. ನೀರು ಹಾಕಿದ ತಕ್ಷಣ ಇಳಿದು ಹೋಗಬೇಕು. ಬೇರಿನ ಮಧ್ಯೆ ಬಿಳೀ ಬೂಷ್ಟು ಕಂಡರೆ ಗಾಬರಿಯಾಗಿ ತೊಳೆಯಬೇಡಿ, ದಯವಿಟ್ಟು. ಅದು ಬೇರಿಗೆ ಆಹಾರ ತಂದು ಕೊಡುವ ಅಣಬೆ ಜಾತಿ. ಇಲ್ಲಿನ ಲಾರ್ಚ್ ಕಾಡುಗಳಲ್ಲಿ ಶರತ್ಕಾಲದಲ್ಲಿ ಹಳದಿ ಟೊಪ್ಪಿಯ, ಲೋಳೆ ಲೋಳೆ ಅಣಬೆ ಏಳುತ್ತದೆ. ಅದೂ ಇದೇ ತರ ಲಾರ್ಚ್ ಬೇರಿನ ಜೊತೆ ಬಾಳುವಂಥದ್ದು. ಹಳೇ ಮಣ್ಣಿನ ಒಂದು ಮುಷ್ಟಿಯನ್ನು ಹೊಸದಕ್ಕೆ ಬೆರೆಸಿಬಿಡುತ್ತೇನೆ.

ನೀರಿನ ವಿಷಯದಲ್ಲಿ ಲಾರ್ಚ್ ಬಾಯಾರಿದ ಗಿಡ. ಬಿಸಿಲು, ಗಾಳಿ ಎರಡೂ ಇರುವ ದಿನ ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಬೇಕು. ಸೂಜಿಗಳ ಮೇಲೆ ಬಿಳೀ ಹತ್ತಿಯ ಚೂರು ಕಂಡರೆ ಅದು ಸಸ್ಯಹೇನಿನ ಬಳಗದ ಕೀಟ. ಸೋಪಿನ ದ್ರಾವಣ ಎರಡು ಮೂರು ಸಲ ಹೊಡೆದರೆ ನನ್ನಲ್ಲಿ ಹತೋಟಿಗೆ ಬಂದಿದೆ.

ಒಂದು ಮಾತು ಒತ್ತಿ ಹೇಳಬೇಕು. ಪ್ಲಾಂಟೇಷನ್‌ನಿಂದ ಲಾರ್ಚ್ ಕಿತ್ತು ತರಬೇಡಿ. 2009ರಲ್ಲಿ ನೈಋತ್ಯ ಇಂಗ್ಲೆಂಡಿನ ಜಪಾನಿ ಲಾರ್ಚ್‌ಗಳಲ್ಲಿ ಫೈಟಾಫ್ತೊರಾ ರಮೋರಮ್ ರೋಗ ಕಾಣಿಸಿಕೊಂಡಿತು. ಆಮೇಲೆ ಸ್ಕಾಟ್ಲೆಂಡಿಗೂ ಬಂತು. ರೋಗ ಬಂದ ಲಾರ್ಚ್‌ಗಳನ್ನು ಕಡಿಯಲು ಸರ್ಕಾರದ ನೋಟಿಸ್ ಬರುತ್ತದೆ. ಬೋಳಾದ ಗುಡ್ಡ ನೋಡಿದರೆ ಹೊಟ್ಟೆ ಉರಿಯುತ್ತದೆ. ನಮ್ಮ ಬೂಟಿನ ಮಣ್ಣಿನಲ್ಲೂ ಆ ರೋಗ ಊರೂರು ದಾಟುತ್ತದೆ. ನರ್ಸರಿಯ ಸಸಿ ಅಗ್ಗ, ಅದನ್ನೇ ಕೊಳ್ಳಿ.

ಬೆಂಗಳೂರಿನ ಗೆಳೆಯರು "ನಮ್ಮ ಟೆರೇಸ್ ಮೇಲೆ ಬರುತ್ತಾ?" ಅಂತ ಕೇಳುತ್ತಿರುತ್ತಾರೆ. ಬರುವುದಿಲ್ಲ. ಈ ಗಿಡಕ್ಕೆ ವರ್ಷಕ್ಕೊಮ್ಮೆ ಗಟ್ಟಿ ಚಳಿಯ ನಿದ್ದೆ ಬೇಕೇ ಬೇಕು. ಇಲ್ಲಿಯೂ ನಾನು ಅದನ್ನು ಒಂದು ದಿನವೂ ಮನೆಯೊಳಗೆ ಇಟ್ಟಿಲ್ಲ. ತೀರಾ ಹಿಮ ಬಿದ್ದಾಗ ಕುಂಡವನ್ನು ಬೆಂಚಿನಿಂದ ನೆಲಕ್ಕಿಳಿಸಿ ಗೋಡೆ ಪಕ್ಕ ಇಡುತ್ತೇನೆ, ಅಷ್ಟೇ. ನಮ್ಮ ದೇಶದಲ್ಲೇ ಲಾರ್ಚ್ ನೋಡಬೇಕು ಅಂದರೆ ಸಿಕ್ಕಿಂ ಬೆಟ್ಟಗಳಿಗೆ ಹೋಗಿ, ಹಿಮಾಲಯದ್ದೇ ಒಂದು ಜಾತಿ ಅಲ್ಲಿದೆ.

ಕಳೆದ ಮೇ ತಿಂಗಳಲ್ಲಿ ಅಪ್ಪ ಇಲ್ಲಿಗೆ ಬಂದಿದ್ದರು. ಅವತ್ತು ಒಣಗಿದೆ ಅಂದಿದ್ದ ಗಿಡದ ಮುಂದೆ ಸ್ಟೂಲ್ ಹಾಕಿ ಕೂತರು. ಕನ್ನಡಕ ಸರಿಮಾಡಿಕೊಂಡು, ಎಲೆ ಸರಿಸಿ ಸರಿಸಿ ಒಳಗೆಲ್ಲ ನೋಡಿದರು. "ಇಲ್ಲಿ ಮೂರು ಹೊರಟಿದೆ ನೋಡು. ನಡುವಿಂದು ತೆಗಿ, ಬೆಳಕು ಬೀಳಲಿ" ಅಂದರು. ನಿಜ, ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ. "ಈಗ ಬೇಡ ಅಪ್ಪ, ಫೆಬ್ರವರೀಲಿ ತೆಗೀತೀನಿ" ಅಂದೆ. "ಮರೀತೀಯ" ಅಂತ ಹೇಳಿ ಆ ಕಡ್ಡಿಗೆ ಒಂದು ಕೆಂಪು ದಾರ ಕಟ್ಟಿ ಹೋದರು. ಎಲೆ ಉದುರಿದ ಮೇಲೆ ದಾರ ಎದ್ದು ಕಾಣುತ್ತಿದೆ. ಬರುವ ಶನಿವಾರ ಅಲ್ಲಿಂದಲೇ ಶುರು ಮಾಡುತ್ತೇನೆ.