ಹದಿನಾಲ್ಕು ಮುಖದ ದಾಳ ಹುಡುಕಿದ ಕಥೆ

"ಹದಿನಾಲ್ಕು ಮುಖದ ದಾಳ ಇದೆಯೇ?" ಎಂದು ಕೇಳಿದಾಗ ಕೌಂಟರಿನ ಹಿಂದಿದ್ದ ಹುಡುಗ ಮೊದಲು ನನ್ನ ಮುಖ ನೋಡಿದ, ಆಮೇಲೆ ಗಾಜಿನ ಪೆಟ್ಟಿಗೆಯ ಕಡೆ ನೋಡಿದ. "ಇಪ್ಪತ್ತು ಮುಖದ್ದು ಇದೆ, ಸರ್," ಎಂದ. ಎಂಟನೆಯ ಅಳತೆಯ ಚಪ್ಪಲಿ ಕೇಳಿದವನಿಗೆ ಹತ್ತನೆಯದನ್ನು ತೋರಿಸಿ ಒಪ್ಪಿಸಲು ನೋಡುವ ಧಾಟಿ ಅದು.

ತಪ್ಪು ಅವನದಲ್ಲ. ರೋಲ್‌ಪ್ಲೇಯಿಂಗ್ ಆಟದ, ಅಂದರೆ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟದ, ದಾಳ ಎಂದರೆ ಎಲ್ಲ ಅಂಗಡಿಗಳಲ್ಲೂ ಏಳರ ಒಂದು ಸೆಟ್ಟು: ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖದವು ಒಂದೊಂದು, ಹತ್ತು ಮುಖದವು ಎರಡು. ನಾವು ಆಡಲು ಹೊರಟಿದ್ದು ಡಂಜನ್ ಕ್ರಾಲ್ ಕ್ಲಾಸಿಕ್ಸ್. 2012ರಲ್ಲಿ ಬಂದ ಈ ಆಟ ಆ ಏಳರ ಜೊತೆಗೆ 3, 5, 7, 14, 16, 24, 30 ಮುಖದ ಇನ್ನೂ ಏಳು ದಾಳಗಳನ್ನು ಬೇಡುತ್ತದೆ. ಪುಸ್ತಕ ಕೈಗೆ ಬಂದ ಮೇಲೆಯೇ ನನಗೆ ಅದು ಗೊತ್ತಾದದ್ದು. ಆಟ ನಡೆಸುವವನು, ಅಂದರೆ ಕಥೆ ಹೇಳಿ ರಾಕ್ಷಸರ ಪರವಾಗಿ ದಾಳ ಎಸೆಯುವವನು, ನಾನೇ ಎಂದು ಅಷ್ಟರಲ್ಲಿ ಒಪ್ಪಿಕೊಂಡೂ ಆಗಿತ್ತು.

ಆ ಒಂದು ದಾಳದ ಬೆನ್ನು ಹತ್ತಿ ಕಳೆದ ಕೆಲವು ತಿಂಗಳಲ್ಲಿ ಆಟದ ಅಂಗಡಿಗಳ ಬಗ್ಗೆ ಕಲಿತದ್ದನ್ನು ಬರೆಯುತ್ತಿದ್ದೇನೆ. ಹೆಚ್ಚಿನದನ್ನು ಪೆಟ್ಟು ತಿಂದೇ ಕಲಿತೆ.

ಮೊದಮೊದಲು ನನಗೆ ಅಂಗಡಿಗಳ ಮೇಲೆ ಸಿಟ್ಟಿತ್ತು. ನಾಲ್ಕು ಗೋಡೆಗಳಲ್ಲಿ ಮೂರರ ತುಂಬ ಕಾರ್ಡುಗಳು ಮತ್ತು ಬೋರ್ಡ್ ಆಟಗಳು, ರೋಲ್‌ಪ್ಲೇಯಿಂಗ್‌ಗೆ ಮೂಲೆಯಲ್ಲಿ ಒಂದೂವರೆ ಕಪಾಟು. ಅದರಲ್ಲೂ ಮುಕ್ಕಾಲು ಪಾಲು ಈ ಬಗೆಯ ಆಟಗಳಲ್ಲೇ ಹೆಚ್ಚು ಹೆಸರಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಆಮೇಲೆ ಯೋಚಿಸಿದೆ. ಒಂದು ನಿಯಮಪುಸ್ತಕ ಕೊಂಡರೆ ಐದಾರು ಜನರ ಗುಂಪು ವರ್ಷಗಟ್ಟಲೆ ಅದರಲ್ಲೇ ಆಡುತ್ತದೆ. ನಮ್ಮ ಗುಂಪಿನಲ್ಲಿ ಪುಸ್ತಕ ಕೊಳ್ಳುವವನು ನಾನೊಬ್ಬನೇ, ಉಳಿದವರು ಪೆನ್ಸಿಲನ್ನೂ ನನ್ನಿಂದಲೇ ಕೇಳಿ ಪಡೆಯುತ್ತಾರೆ. 1993ರಲ್ಲಿ ಮ್ಯಾಜಿಕ್ ಕಾರ್ಡ್ ಆಟ ಬಂದ ಮೇಲೆ ಅಂಗಡಿಗಳಿಗೆ ವಾರವಾರವೂ ಬಂದು ಹೊಸ ಕಾರ್ಡುಗಳ ಪ್ಯಾಕೆಟ್ ಒಡೆಯುವ ಗಿರಾಕಿ ಸಿಕ್ಕ. ಬಾಡಿಗೆ ಕಟ್ಟುವವರು ಯಾರಿಗೆ ಜಾಗ ಕೊಡುತ್ತಾರೆ ಎಂದು ಕೇಳಬೇಕಾಗಿಲ್ಲ. ನನ್ನ ಹದಿನಾಲ್ಕು ಮುಖದ ದಾಳವನ್ನು ಯಾವ ಅಂಗಡಿಯವರೂ ಮುಂಚೆಯೇ ತರಿಸಿ ಇಟ್ಟಿರುವುದಿಲ್ಲ ಎಂಬುದನ್ನು ಒಪ್ಪಿಕೊಂಡ ಮೇಲೆ ಹುಡುಕುವ ರೀತಿಯೇ ಬದಲಾಯಿತು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ ಎನ್ನುತ್ತಾರಲ್ಲ, ನನ್ನದು ಹೆಚ್ಚುಕಡಿಮೆ ಅದೇ ಕಥೆ. ಅದೇ ಕೌಂಟರಿನ ಮೇಲೆ, ಬಿಲ್ ಮಾಡುವ ಯಂತ್ರದ ಪಕ್ಕ, ಬಿಡಿ ದಾಳಗಳ ಒಂದು ದೊಡ್ಡ ಬೋಗುಣಿ ಇತ್ತು. ಒಡೆದ ಸೆಟ್ಟುಗಳ ಉಳಿಕೆ, ಬಣ್ಣ ಹೊಂದದ ಒಂಟಿ ದಾಳಗಳು, ಯಾರೋ ಮರಳಿಸಿದವು, ಎಲ್ಲವೂ ಅದರೊಳಗೆ. ಮೂರನೆಯ ಭೇಟಿಯಲ್ಲಿ ಹುಡುಗನ ಅನುಮತಿ ಕೇಳಿ ಅದನ್ನು ಒಂದು ತಟ್ಟೆಗೆ ಸುರಿದುಕೊಂಡು ಕುಳಿತೆ. ಇಪ್ಪತ್ತು ನಿಮಿಷದಲ್ಲಿ ಹದಿನಾರು ಮುಖದ್ದು ಒಂದು, ಇಪ್ಪತ್ನಾಲ್ಕು ಮುಖದ್ದು ಒಂದು ಸಿಕ್ಕವು. ಇಪ್ಪತ್ನಾಲ್ಕರದ್ದನ್ನು ಇಪ್ಪತ್ತರದ್ದೆಂದೇ ತಿಳಿದು ಯಾರೋ ಬೋಗುಣಿಗೆ ಹಾಕಿರಬೇಕು. ಇಂಥ ದಾಳವನ್ನು ಆಕಾರ ನೋಡಿ ಗುರುತಿಸಲು ಹೋದರೆ ಕಣ್ಣು ಮೋಸ ಹೋಗುತ್ತದೆ. ಪ್ರತಿಯೊಂದನ್ನೂ ತಿರುಗಿಸಿ ಅತಿ ದೊಡ್ಡ ಅಂಕಿ ಯಾವುದೆಂದು ನೋಡುವುದೇ ಸರಿ.

ಅಲ್ಲಿಂದ ಮುಂದೆ ರೋಲ್‌ಪ್ಲೇಯಿಂಗ್ ಕಪಾಟಿಗೆ ಕೊನೆಯಲ್ಲಿ ಹೋಗುವುದನ್ನು ರೂಢಿ ಮಾಡಿಕೊಂಡೆ. ನಮಗೆ ಬೇಕಾದ ಸಾಮಾನು ಬೇರೆ ಆಟದ ಹೆಸರಿನಲ್ಲಿ ಬೇರೆ ಕಡೆ ಕುಳಿತಿರುತ್ತದೆ. ಸ್ಯಾವೇಜ್ ವರ್ಲ್ಡ್ಸ್ ಎಂಬ ಆಟದಲ್ಲಿ ಯಾರ ಸರದಿ ಮೊದಲು ಎಂಬುದನ್ನು ಇಸ್ಪೀಟು ಎಲೆ ಹಂಚಿ ತೀರ್ಮಾನಿಸುತ್ತಾರೆ, ಜೊತೆಗೆ ಆಟಗಾರರಿಗೆ ಖರ್ಚು ಮಾಡಲು ಬಿಲ್ಲೆಗಳು ಬೇಕು. ಆ ಎರಡೂ ಇರುವುದು ಪೋಕರ್ ಸಾಮಾನಿನ ಸಾಲಿನಲ್ಲಿ. ಡ್ರೆಡ್ ಎಂಬ ಭಯದ ಆಟದಲ್ಲಿ ದಾಳವೇ ಇಲ್ಲ, ಮರದ ತುಂಡುಗಳ ಜೆಂಗಾ ಗೋಪುರದಿಂದ ಒಂದೊಂದೇ ತುಂಡು ಎಳೆಯಬೇಕು. ಅದು ಮಕ್ಕಳ, ಮನೆಮಂದಿಯ ಆಟಗಳ ಕಡೆ ಸಿಗುತ್ತದೆ. ಗಾಯ, ಮಂತ್ರಶಕ್ತಿ ಎಣಿಸಲು ಬೇಕಾದ ಗಾಜಿನ ಗುಂಡುಗಳು ಕಾರ್ಡ್ ಆಟದವರ ಕೌಂಟರಿನಲ್ಲಿ. ಮಿನಿಯೇಚರ್‌ಗಳ, ಅಂದರೆ ಪಾತ್ರಗಳ ಪುಟ್ಟ ಗೊಂಬೆಗಳ, ಕೆಳಗೆ ಅಂಟಿಸುವ 25 ಮಿಲಿಮೀಟರಿನ ದುಂಡು ತಳಗಳು ಯುದ್ಧದ ಆಟಗಳ ಬಣ್ಣ, ಕುಂಚಗಳ ಪಕ್ಕದಲ್ಲಿ. ಆದ್ದರಿಂದ "ರೋಲ್‌ಪ್ಲೇಯಿಂಗ್ ಸಾಮಾನು ಇದೆಯೇ" ಎಂದು ನಾನು ಈಗ ಕೇಳುವುದಿಲ್ಲ. "ಚಿಕ್ಕ ದುಂಡು ಪ್ಲಾಸ್ಟಿಕ್ ತಳ ಬೇಕು, ಗೊಂಬೆ ನಿಲ್ಲಿಸಲು" ಎಂದು ವಸ್ತುವನ್ನು ವರ್ಣಿಸಿ ಕೇಳುತ್ತೇನೆ. ಉತ್ತರ ಬೇಗ ಬರುತ್ತದೆ.

ಇದೇ ಕಾರ್ಡ್ ಕೌಂಟರಿನಲ್ಲಿ ಒಮ್ಮೆ ಮೋಸವೂ ಹೋದೆ, ಯಾರೂ ಮೋಸ ಮಾಡದೆಯೇ. ಇಪ್ಪತ್ತು ಮುಖದ ದೊಡ್ಡ, ಚೆಂದದ ದಾಳವೊಂದು ಕಂಡಿತು, ಕೊಂಡೆ. ಮೇಜಿನ ಮೇಲೆ ನಾಲ್ಕೈದು ಸಲ ಉರುಳಿಸಿದ ಮೇಲೆ ಗೆಳತಿಯೊಬ್ಬಳು ಅದನ್ನು ಎತ್ತಿ ನೋಡಿ, "ಇದರಲ್ಲಿ 20ರ ಪಕ್ಕವೇ 19 ಇದೆಯಲ್ಲ?" ಎಂದಳು. ಅದು ಕಾರ್ಡ್ ಆಟದಲ್ಲಿ ಉಳಿದ ಪ್ರಾಣ ಎಣಿಸಲು ಮಾಡಿದ ದಾಳ. ಒಂದೊಂದೇ ಅಂಕಿ ಇಳಿಸುತ್ತ ಹೋಗಲು ಸುಲಭವಾಗಲೆಂದು 20, 19, 18 ಅಕ್ಕಪಕ್ಕದಲ್ಲೇ ಇರುತ್ತವೆ. ಹೀಗಾಗಿ ದೊಡ್ಡ ಅಂಕಿಗಳೆಲ್ಲ ಒಂದು ಮಗ್ಗುಲಿಗೆ ಸೇರಿಬಿಡುತ್ತವೆ. ಉರುಳಿಸಲು ಮಾಡಿದ ದಾಳದಲ್ಲಿ ಅಂಕಿಗಳು ಚದುರಿರುತ್ತವೆ, ಎದುರುಬದುರು ಮುಖಗಳ ಮೊತ್ತ ಸಾಮಾನ್ಯವಾಗಿ 21. ತೂಕ ಎಲ್ಲ ಕಡೆ ಸರಿಸಮವಾಗಿದ್ದು ದಾಳ ಚೆನ್ನಾಗಿ ಉರುಳಿದರೆ ಎರಡರಲ್ಲೂ ಫಲ ಒಂದೇ. ಆದರೆ ಒಂದು ಮಗ್ಗುಲು ತುಸು ಭಾರವಾಗಿದ್ದರೆ, ಅಥವಾ ಎಸೆಯುವವನ ಕೈ ಚುರುಕಾಗಿದ್ದರೆ, ಎಣಿಕೆಯ ದಾಳ ಮೊದಲು ಬಣ್ಣ ಬಯಲು ಮಾಡುತ್ತದೆ. ಅಂದಿನ ಆಟದಲ್ಲಿ ನನ್ನ ರಾಕ್ಷಸರು ಅಷ್ಟು ಜೋರಾಗಿ ಹೊಡೆದದ್ದಕ್ಕೆ ಅದೇ ಕಾರಣವೆಂದು ಗುಂಪಿನವರು ಇಂದಿಗೂ ನಂಬಿದ್ದಾರೆ.

ಇಷ್ಟಾದರೂ 3, 5, 7, 14, 30 ಮುಖದವು ಸಿಕ್ಕಿರಲಿಲ್ಲ, ಆಟದ ದಿನ ಬಂದೇಬಿಟ್ಟಿತು. ಇದ್ದುದರಲ್ಲೇ ಲೆಕ್ಕ ಹೊಂದಿಸಿದೆವು. ಮೂರಕ್ಕೆ ಆರು ಮುಖದ ದಾಳ ಎಸೆದು ಅರ್ಧ ಮಾಡುವುದು, ಐದಕ್ಕೆ ಹತ್ತರದ್ದನ್ನು ಅರ್ಧ ಮಾಡುವುದು, ಭಿನ್ನ ಬಂದರೆ ಮೇಲಿನ ಪೂರ್ಣಾಂಕ. ಏಳಕ್ಕೆ ಎಂಟು ಮುಖದ್ದು, 8 ಬಿದ್ದರೆ ಮತ್ತೆ ಎಸೆಯುವುದು. ಮೂವತ್ತಕ್ಕೆ ಹತ್ತು ಮುಖದ್ದರ ಜೊತೆ ಆರು ಮುಖದ್ದು: ಆರರದ್ದರಲ್ಲಿ 1 ಅಥವಾ 2 ಬಂದರೆ ಇದ್ದಂತೆ, 3 ಅಥವಾ 4 ಬಂದರೆ ಹತ್ತು ಕೂಡಿಸು, 5 ಅಥವಾ 6 ಬಂದರೆ ಇಪ್ಪತ್ತು ಕೂಡಿಸು. ಹದಿನಾಲ್ಕಕ್ಕೂ ಹೀಗೆಯೇ ಮಾಡಬಹುದಿತ್ತು, ಆದರೆ ಕಾದಾಟದ ನಡುವೆ ಇಷ್ಟೆಲ್ಲ ಲೆಕ್ಕ ಯಾರಿಗೆ ಬೇಕು? ಕಾಗದವನ್ನು ಹದಿನಾಲ್ಕು ಚೂರು ಮಾಡಿ ಅಂಕಿ ಬರೆದು ಒಂದು ಲೋಟಕ್ಕೆ ಹಾಕಿದೆ. ಎಳೆಯುವುದು, ಓದುವುದು, ಮತ್ತೆ ಒಳಗೆ ಹಾಕುವುದು.

ಇದು ನನ್ನ ಬುದ್ಧಿವಂತಿಕೆಯಲ್ಲ. 1974ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಬಂದಾಗ ಇಂಥ ದಾಳಗಳು ಶಾಲೆಗಳಿಗೆ ಗಣಿತದ ಪರಿಕರ ಮಾರುವವರ ಬಳಿ ಸಿಗುತ್ತಿದ್ದವು. 1979ರ ಸುಮಾರಿಗೆ ದಾಳಗಳ ಕೊರತೆ ಎಷ್ಟಾಯಿತೆಂದರೆ ಪ್ರಕಾಶಕರು ಹೊಸಬರಿಗಾಗಿ ಮಾಡಿದ ಬೇಸಿಕ್ ಪೆಟ್ಟಿಗೆಯಲ್ಲಿ ದಾಳದ ಬದಲು ಅಂಕಿ ಮುದ್ರಿಸಿದ ರಟ್ಟಿನ ಚೂರುಗಳನ್ನೇ ಹಾಕಿ ಕಳುಹಿಸಿದರು. ಆಮೇಲೆ ಬಂದ ದಾಳಗಳಲ್ಲೂ ಅಂಕಿಗಳಿಗೆ ಬಣ್ಣವಿರಲಿಲ್ಲ, ಜೊತೆಗೆ ಬಂದ ಬಳಪದಿಂದ ಉಜ್ಜಿ ತುಂಬಿಕೊಳ್ಳಬೇಕಾಗಿತ್ತು. ಬೋಗುಣಿಯಲ್ಲಿ ಸಿಕ್ಕ ನನ್ನ ಹದಿನಾರರ ದಾಳದ ಬಣ್ಣವೂ ಮಾಸಿತ್ತು. ಮೇಣದ ಬಳಪ ಉಜ್ಜಿ ಒರೆಸಿದೆ, ಈಗ ಚೆನ್ನಾಗಿ ಓದಲು ಬರುತ್ತದೆ.

ಸಿಗದಿದ್ದುದನ್ನು ತರಿಸಲು ಕೇಳುವುದೂ ಒಂದು ವಿದ್ಯೆ. ಮೊದಲ ಸಲ ನಾನು ಕೇಳಿದ್ದು ಶುಕ್ರವಾರ ಸಂಜೆ, ಕಾರ್ಡ್ ಪಂದ್ಯ ನಡೆಯುತ್ತಿದ್ದಾಗ. ಹುಡುಗ "ನೋಡುತ್ತೇನೆ" ಎಂದ. ಅದರ ಅರ್ಥ ನಿಮಗೂ ಗೊತ್ತು. ಎರಡನೆಯ ಸಲ ವಾರದ ನಡುವೆ ಮಧ್ಯಾಹ್ನ ಹೋಗಿ, ಸರಕು ತರಿಸುವವರು ಯಾರು ಎಂದು ಮೊದಲು ವಿಚಾರಿಸಿದೆ. ಯಜಮಾನರೇ ಹೊರಬಂದರು. ವಿತರಕರ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ತೆರೆದು ಪಕ್ಕದಲ್ಲಿ ಕೂರಿಸಿಕೊಂಡರು. ಅಲ್ಲಿ "ವಿಚಿತ್ರ ದಾಳ" ಎಂದು ಹುಡುಕಿದರೆ ಏನೂ ಬರುವುದಿಲ್ಲ. ತಯಾರಕರ ಹೆಸರು, ಸರಕಿನ ಸಂಖ್ಯೆ, ಪುಸ್ತಕವಾದರೆ ಹದಿಮೂರು ಅಂಕಿಯ ಐಎಸ್‌ಬಿಎನ್ ಮತ್ತು ಎಷ್ಟನೆಯ ಆವೃತ್ತಿ ಎಂಬುದು ಬೇಕು. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದರಿಂದ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ನನ್ನೊಬ್ಬನ ಸೆಟ್ಟಿಗಾಗಿ ಪ್ರತ್ಯೇಕ ಪಾರ್ಸೆಲ್ ತರಿಸುವುದಿಲ್ಲ, ಮುಂದಿನ ಕಾರ್ಡ್ ಸರಕಿನ ಜೊತೆ ಸೇರಿಸುತ್ತೇನೆ, ತಡವಾಗಬಹುದು ಎಂದರು. ಕೇಳುವ ಮೊದಲೇ ಪೂರ್ತಿ ಹಣ ಮುಂಗಡ ಕೊಟ್ಟೆ. ನಾನು ಬಾರದೇ ಹೋದರೆ ಆ ದಾಳ ಅವರ ಕಪಾಟಿನಲ್ಲಿ ಎಷ್ಟು ವರ್ಷ ಕುಳಿತಿರುತ್ತದೆ ಎಂಬುದು ಅವರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು.

ಕೆಲವು ವಸ್ತುಗಳು ವಿತರಕರ ದಾರಿಯಲ್ಲಿ ಬರುವುದೇ ಇಲ್ಲ. ಬೇಡಿಕೆ ಬಂದಾಗ ಒಂದೊಂದೇ ಪ್ರತಿ ಮುದ್ರಿಸುವ ಪುಸ್ತಕಗಳು, ಒಬ್ಬರೇ ಬರೆದು ಮಡಚಿ ಪಿನ್ನು ಹೊಡೆದ ಕಿರುಪುಸ್ತಕಗಳು ಆ ಪೈಕಿ. ಅಂಥವನ್ನು ಅಂಗಡಿಯಲ್ಲಿ ಹುಡುಕಿ ಕಾಲ ಕಳೆಯಬಾರದು. ಇನ್ನೊಂದು ಕಡೆ, ಅಂಗಡಿಯಲ್ಲೇ ಕೊಂಡರೆ ಲಾಭವಾಗುವುದೂ ಇದೆ. ಬಿಟ್ಸ್ ಅಂಡ್ ಮಾರ್ಟರ್ ಎಂಬ ವ್ಯವಸ್ಥೆಯಲ್ಲಿರುವ ಅಂಗಡಿಯಲ್ಲಿ ಅದರಲ್ಲಿರುವ ಪ್ರಕಾಶಕರ ಮುದ್ರಿತ ಪುಸ್ತಕ ಕೊಂಡರೆ ಪಿಡಿಎಫ್ ಬೇರೆ ಹಣವಿಲ್ಲದೆ ಬರುತ್ತದೆ. 2007ರಿಂದ ನಡೆಯುತ್ತಿರುವ ಫ್ರೀ ಆರ್‌ಪಿಜಿ ಡೇ (ಆರ್‌ಪಿಜಿ ಎಂದರೆ ರೋಲ್‌ಪ್ಲೇಯಿಂಗ್ ಗೇಮ್) ದಿನ, ಅದರಲ್ಲಿ ಭಾಗವಹಿಸುವ ಅಂಗಡಿಗಳು ಹೊಸ ಆಟಗಳ ಮಾದರಿ ಪುಸ್ತಕಗಳನ್ನು ಪುಕ್ಕಟೆ ಕೊಡುತ್ತವೆ. ಬೆಳಗ್ಗೆಯೇ ಹೋಗಬೇಕು, ಮಧ್ಯಾಹ್ನದ ಹೊತ್ತಿಗೆ ಒಳ್ಳೆಯವು ಖಾಲಿ.

ಹಳೆಯ ಪುಸ್ತಕಗಳ ಕಪಾಟಿನ ಬಗ್ಗೆ ಒಂದು ಎಚ್ಚರಿಕೆ. ಅಡ್ವಾನ್ಸ್ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಎರಡನೆಯ ಆವೃತ್ತಿಯ ರಾಕ್ಷಸರ ಸಂಪುಟ 1989ರಲ್ಲಿ ಬಂದದ್ದು ಬಿಡಿ ಹಾಳೆಗಳಾಗಿ, ಉಂಗುರವಿರುವ ಫೈಲಿನಲ್ಲಿ. ಬೇಕಾದ ರಾಕ್ಷಸನ ಹಾಳೆ ತೆಗೆದು ಆಟಕ್ಕೆ ಒಯ್ಯಬಹುದು ಎಂಬ ಒಳ್ಳೆಯ ಉದ್ದೇಶ. ಒಯ್ದವರೆಲ್ಲ ಮರಳಿ ಹಾಕಿದರೇ? ನಾನು ಕೊಂಡ ಪ್ರತಿಯಲ್ಲಿ ಡ್ರ್ಯಾಗನ್‌ಗಳ ಹಾಳೆಗಳೇ ಇರಲಿಲ್ಲ. ಫೈಲು ದಪ್ಪವಾಗಿದೆ ಎಂದು ಸಂತೋಷಪಟ್ಟು ಮನೆಗೆ ತಂದಿದ್ದೆ. ಅಂದಿನಿಂದ ಹಳೆಯ ಪೆಟ್ಟಿಗೆ ಕಂಡರೆ ಅಂಗಡಿಯಲ್ಲೇ ತೆರೆಸಿ, ನಕ್ಷೆ, ಕಿರುಪುಸ್ತಕ ಎಲ್ಲವನ್ನೂ ಹಿಂಬದಿಯ ಪಟ್ಟಿಗೆ ತಾಳೆ ನೋಡುತ್ತೇನೆ.

ಕಾದಾಟದ ನಕ್ಷೆ ಬರೆದುಕೊಳ್ಳುವ ಚೌಕುಳಿಯ ಮ್ಯಾಟ್ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ಒಂದಿಂಚಿನ ಚೌಕ ಒಂದು ಬದಿಗೆ, ಷಟ್ಕೋನ ಇನ್ನೊಂದು ಬದಿಗೆ ಇರುವ ವಿನೈಲ್ ಮ್ಯಾಟ್ ತಂದೆ. ಅದಕ್ಕೆ ಬೇಕಾದದ್ದು ಒದ್ದೆ ಬಟ್ಟೆಯಿಂದ ಅಳಿಸುವ ಪೆನ್ನು. ಮನೆಯಲ್ಲಿದ್ದದ್ದು ಬಿಳಿ ಹಲಗೆಗೆ ಬರೆಯುವ ಪೆನ್ನು. ಅಂದು ಬರೆದ ಕೆಂಪು ನದಿ ಈಗಲೂ ಆ ಮ್ಯಾಟ್ ಮೇಲೆ ಹರಿಯುತ್ತಿದೆ. ನಾವು ಯಾವ ಗುಹೆ, ಯಾವ ಕೋಟೆಗೆ ಹೋದರೂ ನಡುವೆ ಒಂದು ನದಿ ಇದ್ದೇ ಇರುತ್ತದೆ.

ಐದು ವಾರಗಳ ಮೇಲೆ ಯಜಮಾನರಿಂದ ಕರೆ ಬಂತು, ದಾಳಗಳು ಬಂದಿದ್ದವು. ಆ ಭಾನುವಾರ ಹದಿನಾಲ್ಕು ಮುಖದ್ದನ್ನು ಎಲ್ಲರೂ ಒಮ್ಮೊಮ್ಮೆ ಕೈಯಲ್ಲಿ ಹಿಡಿದು ನೋಡಿದರು. ಮೊದಲ ಗರವೇ 1. ಅದರ ಬೆನ್ನಿಗೆ ಏಳರದ್ದನ್ನು ಎಸೆಯಬೇಕಾಗಿ ಬಂತು. ನನಗೆ ಬಂದಿದ್ದ ಏಳರ ದಾಳ ಐದು ಮಗ್ಗುಲಿನ ಗಿಡ್ಡ ಕಂಬದಂತಿದೆ. ಮಗ್ಗುಲಾಗಿ ಬಿದ್ದರೆ ಮೇಲೆ ಮುಖ ಬರುವುದಿಲ್ಲ, ಅಂಚು ಬರುತ್ತದೆ. ಹಾಗಾದರೆ ಓದುವುದು ಅಂಚಿನ ಅಂಕಿಯನ್ನೋ, ನಮ್ಮ ಕಡೆ ಕಾಣುವ ಮುಖದ ಅಂಕಿಯನ್ನೋ? ಅಂಚಿನದೇ ಎಂದು ನಾನು ಹೇಳಿದೆ. ನನ್ನ ರಾಕ್ಷಸರಿಗೆ ಅನುಕೂಲವಾಗುವ ಅಂಕಿಯೂ ಅದೇ ಆಗಿದ್ದರಿಂದ ಯಾರೂ ನಂಬಲಿಲ್ಲ. ವಾದ ಕಾಲು ಗಂಟೆ ನಡೆಯಿತು. ಕೊನೆಗೆ ಗೆಳತಿ ಎದ್ದು ಹೋಗಿ ಅಡುಗೆಮನೆಯಿಂದ ಲೋಟ ತಂದಳು, ಕಾಗದದ ಚೂರುಗಳು ಇನ್ನೂ ಅದರಲ್ಲೇ ಇದ್ದವು. ಎಂಟರಿಂದ ಹದಿನಾಲ್ಕರವರೆಗಿನವನ್ನು ಹೆಕ್ಕಿ ಪಕ್ಕಕ್ಕಿಟ್ಟು, "ಎಳೆ," ಎಂದಳು.